ಗಣಕಜಾಲದ ವಿಳಾಸಗಳು: ರೂಢಿಯೋ, ಲೆಕ್ಕವೋ?

ವಿಳಾಸವಿಲ್ಲದ ಮನೆಗೆ ಅಂಚೆಯವನು ಬರಲಾರನು. ಗಣಕಜಾಲದ ನಿಯಮವೂ ಇದೇ. ಕಾಲೇಜಿನ ಪ್ರಯೋಗಶಾಲೆಯ ಗಣಕವಾಗಲಿ, ವಿದ್ಯಾರ್ಥಿಯ ಕಿಸೆಯಲ್ಲಿರುವ ಮೊಬೈಲು ಫೋನಾಗಲಿ, ಗ್ರಂಥಭಂಡಾರದ ಮುದ್ರಣಯಂತ್ರವಾಗಲಿ, ಜಾಲದೊಳಕ್ಕೆ ಕಾಲಿಟ್ಟೊಡನೆ ತನಗೊಂದು ಸಂಖ್ಯಾರೂಪದ ವಿಳಾಸವನ್ನು ಪಡೆಯಬೇಕು. ಪಡೆಯದಿದ್ದರೆ ಆ ಯಂತ್ರ ಎಷ್ಟೇ ಬೆಲೆಯದಾಗಿರಲಿ, ಜಾಲದ ಮಟ್ಟಿಗೆ ಅದು ಇಲ್ಲದಂತೆಯೇ ಸರಿ. ಈ ವಿಳಾಸಗಳನ್ನು ಹಂಚುವ ಕೆಲಸವನ್ನು ನಾವು ಸರ್ವರ್ ಎಂಬ ಒಂದು ಗಣಕಕ್ಕೆ ಒಪ್ಪಿಸಿದ್ದೇವೆ. ಹಂಚಿಕೆಯ ನಿಯಮಾವಳಿಗೆ ಡಿ.ಎಚ್.ಸಿ.ಪಿ. ಎಂದು ಹೆಸರು. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಹಂಚಬೇಕು, ಒಬ್ಬರಿಗೆ ಕೊಟ್ಟ ವಿಳಾಸ ಎಷ್ಟು ಕಾಲ ಅವರದಾಗಿರಬೇಕು ಎಂಬ ಎರಡು ಸಂಗತಿಗಳನ್ನು ಮಾತ್ರ ಮನುಷ್ಯನೇ ಮೊದಲು ಗೊತ್ತುಮಾಡಿ ಕೊಡಬೇಕು.

ಈ ಎರಡು ಸಂಗತಿಗಳನ್ನು ಬಹುಮಂದಿ ಹೇಗೆ ಗೊತ್ತುಮಾಡುವರು? ಯೋಚಿಸಿ ಅಲ್ಲ, ರೂಢಿಯಿಂದ. ಜಾಲದ ಅಳತೆ ಕೇಳಿದಾಗ ಕೈ ತಾನಾಗಿಯೇ 255.255.255.0 ಎಂದು ಬರೆಯುತ್ತದೆ. ಕಾಲಾವಧಿ ಕೇಳಿದಾಗ ತಯಾರಕರು ಮೊದಲೇ ತುಂಬಿಟ್ಟ ಅಂಕಿಯನ್ನು ಹಾಗೆಯೇ ಬಿಟ್ಟು ಮುಂದಿನ ಪುಟಕ್ಕೆ ಹೋಗುವುದಾಗುತ್ತದೆ. ಇದು ಸಲ್ಲದೆಂಬುದೇ ಈ ಲೇಖನದ ವಾದ. ಎಷ್ಟು ವಿಳಾಸ, ಎಷ್ಟು ಕಾಲ ಎಂಬುದು ಅಂಕಗಣಿತದ ಪ್ರಶ್ನೆ. ಅದನ್ನು ಬಿಡಿಸಲು ಪ್ರೌಢಶಾಲೆಯ ಲೆಕ್ಕ ಸಾಕು. ಲೆಕ್ಕ ಹಾಕದೆ ಬಿಟ್ಟ ತಪ್ಪಿನ ಫಲವಾದರೋ, ತಪ್ಪು ಮಾಡಿದವನಿಗಲ್ಲ, ಏನೂ ಅರಿಯದ ಇನ್ನೊಬ್ಬನಿಗೆ ತಟ್ಟುವುದು.

ವಿಳಾಸದ ಎರಡು ಭಾಗಗಳು

ಮೊದಲು ಅಳತೆಯ ವಿಚಾರ. ನಮ್ಮ ಸ್ಥಿರ ದೂರವಾಣಿಯ ಸಂಖ್ಯೆಗಳನ್ನು ನೋಡಿರಿ. ಬೆಂಗಳೂರಿನ ಸಂಕೇತ 080. ಅದರ ಮುಂದೆ 8 ಅಂಕಿಗಳ ಸಂಖ್ಯೆ. ಮೈಸೂರಿನ ಸಂಕೇತ 0821. ಅದರ ಮುಂದೆ 7 ಅಂಕಿಗಳು. ಶಿರಸಿಯ ಸಂಕೇತ 08384. ಅದರ ಮುಂದೆ 6 ಅಂಕಿಗಳು ಮಾತ್ರ. ಮೊದಲಿನ ಸೊನ್ನೆಯನ್ನು ಬಿಟ್ಟು ಎಣಿಸಿದರೆ ಮೂರೂ ಕಡೆಗಳಲ್ಲಿ ಒಟ್ಟು ಅಂಕಿಗಳು ಹತ್ತೇ. ಊರು ದೊಡ್ಡದಾದಷ್ಟೂ ಊರನ್ನು ಹೇಳುವ ಭಾಗ ಚಿಕ್ಕದು, ಮನೆಯನ್ನು ಹೇಳುವ ಭಾಗ ಉದ್ದವಾದುದು. ಈ ಹಂಚಿಕೆಯನ್ನು ಮಾಡಿದವರು ಊರಿನ ಅಳತೆಯನ್ನು ನೋಡಿ ಗೆರೆ ಎಳೆದರು. ಎಲ್ಲ ಊರಿಗೂ ಒಂದೇ ಕಡೆ ಗೆರೆ ಎಳೆಯಲಿಲ್ಲ.

ಗಣಕಜಾಲದ ವಿಳಾಸವೂ ಹೀಗೆಯೇ. ಇಂದಿಗೂ ಬಹುವಾಗಿ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯ ಐ.ಪಿ. ವಿಳಾಸದಲ್ಲಿ ಒಟ್ಟು 32 ದ್ವಿಮಾನ ಅಂಕಿಗಳಿವೆ. ಒಂದೊಂದೂ 0 ಅಥವಾ 1. ನಮ್ಮ ಅನುಕೂಲಕ್ಕಾಗಿ ಅವನ್ನು ಎಂಟೆಂಟರ ನಾಲ್ಕು ಗುಂಪುಗಳಾಗಿ ಮಾಡಿ, 192.168.1.25 ಎಂಬಂತೆ ದಶಮಾನದಲ್ಲಿ ಬರೆಯುತ್ತೇವೆ. ಈ 32 ಅಂಕಿಗಳಲ್ಲಿ ಮೊದಲಿನ ಕೆಲವು ಯಾವ ಉಪಜಾಲವೆಂಬುದನ್ನೂ ಉಳಿದವು ಆ ಉಪಜಾಲದೊಳಗೆ ಯಾವ ಯಂತ್ರವೆಂಬುದನ್ನೂ ಹೇಳುತ್ತವೆ. ಗೆರೆ ಎಲ್ಲಿದೆಯೆಂಬುದನ್ನು ತಿಳಿಸುವುದೇ ಸಬ್‌ನೆಟ್ ಮಾಸ್ಕ್. 255.255.255.0 ಎಂದರೆ ಮೊದಲ 24 ಅಂಕಿಗಳು ಉಪಜಾಲಕ್ಕೆ, ಕೊನೆಯ 8 ಯಂತ್ರಕ್ಕೆ; ಇದನ್ನೇ ಚಿಕ್ಕದಾಗಿ /24 ಎಂದು ಬರೆಯುವುದುಂಟು. ದೂರವಾಣಿಯಲ್ಲಿ ಗೆರೆ ಒಂದು ಸ್ಥಾನ ಸರಿದರೆ ಅಳತೆ ಹತ್ತರಷ್ಟು ಬದಲಾಗುವುದು. ಇಲ್ಲಿ ಎರಡರಷ್ಟು ಮಾತ್ರ. ಆದುದರಿಂದ ಇಲ್ಲಿ ಬಟ್ಟೆಯನ್ನು ಮೈಗೆ ತಕ್ಕಂತೆ ಕತ್ತರಿಸುವ ಅವಕಾಶ ಇನ್ನೂ ಹೆಚ್ಚು.

ಲೆಕ್ಕ ಸುಲಭವಾದುದು. ಯಂತ್ರಕ್ಕೆ 8 ಅಂಕಿಗಳು ಉಳಿದರೆ 2ರ 8ನೆಯ ಘಾತ, ಅಂದರೆ 256 ವಿಳಾಸಗಳು. ಇವುಗಳಲ್ಲಿ ಮೊದಲನೆಯದು ಉಪಜಾಲದ ಸ್ವಂತ ಹೆಸರು; ಕೊನೆಯದು ಎಲ್ಲರನ್ನೂ ಒಟ್ಟಿಗೆ ಕೂಗಿ ಕರೆಯಲು ಮೀಸಲು. ಉಳಿಯುವುದು 254. ಗೆರೆಯನ್ನು ಬಲಕ್ಕೆ ಒಂದೊಂದೇ ಸ್ಥಾನ ಸರಿಸಿದರೆ /25ರಲ್ಲಿ 126, /26ರಲ್ಲಿ 62, /27ರಲ್ಲಿ 30. ಎಡಕ್ಕೆ ಸರಿಸಿದರೆ /23ರಲ್ಲಿ 510, /22ರಲ್ಲಿ 1,022. ಎರಡರ ಘಾತಗಳನ್ನು ಬಲ್ಲ ಯಾವ ವಿದ್ಯಾರ್ಥಿಯಾದರೂ ಈ ಪಟ್ಟಿಯನ್ನು ಬೆರಳ ತುದಿಯಲ್ಲಿ ಎಣಿಸಬಲ್ಲನು.

ಅಳಿದ ನಿಯಮದ ನೆರಳು

ಹೀಗಿರುವಲ್ಲಿ /24ರ ಮೇಲೆಯೇ ನಮಗೇಕೆ ಇಷ್ಟು ಮೋಹ? ಇದಕ್ಕೊಂದು ಚರಿತ್ರೆಯಿದೆ. 1981ರಲ್ಲಿ ಪ್ರಕಟವಾದ ನಿಯಮದಲ್ಲಿ ಜಾಲಗಳನ್ನು ಮುಖ್ಯವಾಗಿ ಮೂರು ವರ್ಗಗಳಾಗಿ ಮಾಡಿದ್ದರು. ಮೊದಲನೆಯ ವರ್ಗದ ಒಂದು ಜಾಲದಲ್ಲಿ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಹೆಚ್ಚು ವಿಳಾಸಗಳು, ಎರಡನೆಯದರಲ್ಲಿ 65,534, ಮೂರನೆಯದರಲ್ಲಿ 254. ನಡುವೆ ಬೇರೆ ಅಳತೆಯಿಲ್ಲ. ಎರಡು ಸಾವಿರ ಗಣಕಗಳಿರುವ ಸಂಸ್ಥೆಗೆ ಮೂರನೆಯ ವರ್ಗ ಸಾಲದು. ಎರಡನೆಯ ವರ್ಗವನ್ನು ತೆಗೆದುಕೊಂಡರೆ ಅರವತ್ತಮೂರು ಸಾವಿರಕ್ಕೂ ಮಿಕ್ಕಿ ವಿಳಾಸಗಳು ವ್ಯರ್ಥ. ಎರಡನೆಯ ವರ್ಗದ ಜಾಲಗಳಾದರೋ ಇಡೀ ಜಗತ್ತಿಗೆ ಇದ್ದುವು 16,384 ಮಾತ್ರ. 1990ರ ದಶಕದ ಆರಂಭದ ವೇಳೆಗೆ ಇವು ಮುಗಿದುಹೋಗುವ ಭಯ ತಲೆದೋರಿತು. ಅಂಥ ಸಂಸ್ಥೆಗೆ ಮೂರನೆಯ ವರ್ಗದ ಎಂಟು ಜಾಲಗಳನ್ನು ಕೊಡಬಹುದಾಗಿತ್ತು, ನಿಜ. ಆದರೆ ಆಗ ದಾರಿ ತೋರುವ ಯಂತ್ರಗಳ ಪಟ್ಟಿಯಲ್ಲಿ ಒಂದರ ಬದಲು ಎಂಟು ಸಾಲುಗಳನ್ನು ಬರೆಯಬೇಕು. ಆ ಪಟ್ಟಿಗಳಾದರೋ ಆಗಲೇ ಮಿತಿಮೀರಿ ಬೆಳೆಯುತ್ತಿದ್ದುವು.

ಇದಕ್ಕೆ ಪರಿಹಾರವಾಗಿ 1993ರಲ್ಲಿ ವರ್ಗಗಳನ್ನೇ ತೆಗೆದುಹಾಕಲಾಯಿತು. ಗೆರೆಯನ್ನು 32 ಅಂಕಿಗಳಲ್ಲಿ ಎಲ್ಲಿ ಬೇಕಾದರೂ ಎಳೆಯಬಹುದೆಂದಾಯಿತು. ಎರಡು ಸಾವಿರ ಗಣಕಗಳವರಿಗೆ ಒಂದು /21 ಸಾಕು. ಅದರಲ್ಲಿ 2,046 ವಿಳಾಸಗಳು, ಪಟ್ಟಿಯಲ್ಲಿ ಒಂದೇ ಸಾಲು. ಅದೇ ವರ್ಷದ ಅಕ್ಟೋಬರಿನಲ್ಲಿ ಡಿ.ಎಚ್.ಸಿ.ಪಿ.ಯ ಮೊದಲ ನಿಯಮಾವಳಿಯೂ ಪ್ರಕಟವಾಯಿತು. ಅದನ್ನು ಬರೆದವರು ಅಮೆರಿಕದ ಬಕ್‌ನೆಲ್ ವಿಶ್ವವಿದ್ಯಾನಿಲಯದ ರಾಲ್ಫ್ ಡ್ರೋಮ್ಸ್. 1997ರಲ್ಲಿ ಅವರೇ ತಿದ್ದಿ ಹೊರತಂದ ನಿಯಮಾವಳಿ ಇಂದಿನ ಹಂಚಿಕೆಗೂ ಆಧಾರವಾಗಿದೆ. ಹೀಗೆ ವರ್ಗಗಳು ಅಳಿದು ಮೂವತ್ತು ವರ್ಷಗಳ ಮೇಲಾಯಿತು. ಆದರೂ ಮೂರನೆಯ ವರ್ಗದ 254 ನಮ್ಮ ಕೈಬೆರಳುಗಳಲ್ಲಿ ಇನ್ನೂ ಉಳಿದಿದೆ. ನಿಯಮ ಹೋಯಿತು, ರೂಢಿ ಹೋಗಲಿಲ್ಲ.

ಸಾಕೆಂದು ತೋರಿ ಸಾಲದಾಗುವ ಅಳತೆ

ರೂಢಿಯನ್ನು ಬಿಟ್ಟು ಲೆಕ್ಕವನ್ನು ಹಿಡಿದವರೂ ಎಡವುವ ಒಂದು ಸ್ಥಳವುಂಟು. ಒಂದು ಕಾಲೇಜಿನ ಪ್ರಯೋಗಶಾಲೆಯನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ 60 ಗಣಕಗಳಿವೆ. /26ರಲ್ಲಿ 62 ವಿಳಾಸಗಳಿರುವುದರಿಂದ ಅದೇ ಸಾಕೆಂದು ಒಬ್ಬನು ತೀರ್ಮಾನಿಸಿದನೆನ್ನಿ. ಹೊರಜಗತ್ತಿಗೆ ದಾರಿ ತೋರುವ ರೌಟರಿಗೆ ಒಂದು ವಿಳಾಸ ಹೋಯಿತು. ಮುದ್ರಣಯಂತ್ರಕ್ಕೆ ಇನ್ನೊಂದು ಹೋಯಿತು. ಹಂಚಲು ಉಳಿದದ್ದು ಸರಿಯಾಗಿ 60. ಲೆಕ್ಕ ಮುಗಿಯಿತೆಂದು ಅವನು ಸಂತೋಷಪಡುವನು.

ಪ್ರಾಯೋಗಿಕ ಪರೀಕ್ಷೆಯ ದಿನ ಬೆಳಗ್ಗೆ ಒಂದು ಗಣಕ ಕೆಟ್ಟಿತು. ಉಗ್ರಾಣದಿಂದ ಬದಲಿ ಗಣಕವನ್ನು ತಂದು ಆ ಸ್ಥಳದಲ್ಲಿ ಇಟ್ಟರು. ಮನುಷ್ಯರ ಕಣ್ಣಿಗೆ ಗಣಕಗಳು ಈಗಲೂ 60. ಸರ್ವರಿನ ಕಣ್ಣಿಗೆ ಮಾತ್ರ 61, ಏಕೆಂದರೆ ಪ್ರತಿಯೊಂದು ಯಂತ್ರಕ್ಕೂ ಅದರದೇ ಆದ ಒಂದು ಯಂತ್ರಾಂಶದ ಗುರುತುಂಟು, ಸರ್ವರು ಗುರುತಿಸುವುದು ಅದನ್ನು, ಮೇಜನ್ನಲ್ಲ. ಕೆಟ್ಟ ಗಣಕದ ವಿಳಾಸ ಇನ್ನೂ ಅದರ ಹೆಸರಿನಲ್ಲಿಯೇ ಇದೆ. ಹೊಸ ಗಣಕಕ್ಕೆ ಕೊಡಲು ಒಂದೂ ಉಳಿದಿಲ್ಲ. ಆಗ ಆ ಗಣಕ ಏನು ಮಾಡುವುದು? ಎಷ್ಟು ಕೂಗಿದರೂ ಉತ್ತರ ಬಾರದಿದ್ದಾಗ 169.254 ಎಂದು ಮೊದಲಾಗುವ ಒಂದು ತಾತ್ಕಾಲಿಕ ವಿಳಾಸವನ್ನು ತಾನೇ ಇಟ್ಟುಕೊಳ್ಳುವುದು. ಅದರಿಂದ ಹೊರಗಿನ ಯಾರನ್ನೂ ತಲಪಲಾಗದು. ಅಲ್ಲಿ ಕುಳಿತ ವಿದ್ಯಾರ್ಥಿನಿಗೆ ಕಾಣುವುದು ಪ್ರಶ್ನೆಪತ್ರಿಕೆ ತೆರೆಯದ ಖಾಲಿ ಪರದೆ. ಗಣಕದ ದೋಷವೆಂದು ಕೆಲವರು, ತಂತಿಯ ದೋಷವೆಂದು ಕೆಲವರು, ಆ ಹುಡುಗಿಯೇ ಏನೋ ಒತ್ತಿಬಿಟ್ಟಳೆಂದು ಮತ್ತೆ ಕೆಲವರು ಹೇಳುವರು. ಒಂದು ಸ್ಥಾನ ಎಡಕ್ಕೆ ಎಳೆದಿದ್ದರೆ, ಅಂದರೆ /25ನ್ನು ಆರಿಸಿದ್ದರೆ, ಈ ಗೊಂದಲವೇ ಇರುತ್ತಿರಲಿಲ್ಲ.

ಇಷ್ಟೇ ಅಲ್ಲ. ತಪ್ಪನ್ನು ಆಮೇಲೆ ತಿದ್ದಿದರಾಯಿತೆನ್ನುವಂತೆಯೂ ಇಲ್ಲ. ಅನೇಕ ಸಂಸ್ಥೆಗಳಲ್ಲಿ ಬಳಕೆಯಲ್ಲಿರುವ ವಿಂಡೋಸ್ ಸರ್ವರಿನಲ್ಲಿ ಹಂಚಿಕೆಯ ವ್ಯಾಪ್ತಿಗೆ, ಅಂದರೆ ಸ್ಕೋಪಿಗೆ, ಒಮ್ಮೆ ಸಬ್‌ನೆಟ್ ಮಾಸ್ಕನ್ನು ಕೊಟ್ಟ ಮೇಲೆ ಅದನ್ನು ಬದಲಿಸಲು ಬಾರದು. ಅದೇ ಉಪಜಾಲದ ಒಳಗೆ ಮೊದಲ ಸಂಖ್ಯೆಯನ್ನೂ ಕೊನೆಯ ಸಂಖ್ಯೆಯನ್ನೂ ಹಿಗ್ಗಿಸಬಹುದು. ಉಪಜಾಲವನ್ನೇ ದೊಡ್ಡದು ಮಾಡಬೇಕಾದರೆ ಸ್ಕೋಪನ್ನು ಅಳಿಸಿ ಹೊಸದಾಗಿ ಕಟ್ಟಬೇಕು. ರೌಟರಿನಲ್ಲಿಯೂ, ಕೈಯಿಂದ ವಿಳಾಸ ಬರೆದಿಟ್ಟ ಮುದ್ರಣಯಂತ್ರಗಳಲ್ಲಿಯೂ ಗೆರೆಯನ್ನು ತಿದ್ದಬೇಕು. ಮನೆಗೆ ತಳಪಾಯ ಹಾಕುವಾಗ ಒಂದು ಗಂಟೆ ಯೋಚಿಸದವನು ಮನೆ ಕಟ್ಟಿದ ಮೇಲೆ ಗೋಡೆಯನ್ನು ಒಡೆಯುತ್ತ ಕುಳಿತಂತೆ ಇದು.

ಛತ್ರದ ಕೋಣೆಗಳು

ಇನ್ನು ಕಾಲದ ವಿಚಾರ. ಹೆಚ್ಚಿನವರು ಮರೆಯುವುದು ಇದನ್ನೇ. ಡಿ.ಎಚ್.ಸಿ.ಪಿ. ವಿಳಾಸವನ್ನು ದಾನ ಕೊಡುವುದಿಲ್ಲ, ಗುತ್ತಿಗೆಗೆ ಕೊಡುತ್ತದೆ. ಯಂತ್ರ 'ಯಾರಾದರೂ ವಿಳಾಸ ಕೊಡುವಿರಾ?' ಎಂದು ಎಲ್ಲರಿಗೂ ಕೇಳುವಂತೆ ಕೂಗುವುದು. ಸರ್ವರು 'ಇದನ್ನು ಕೊಡಬಲ್ಲೆ' ಎನ್ನುವುದು. ಯಂತ್ರ 'ಅದನ್ನೇ ಕೊಡು' ಎಂದು ಬೇಡುವುದು. ಸರ್ವರು 'ಇಷ್ಟು ಕಾಲಕ್ಕೆ ಕೊಟ್ಟೆ' ಎಂದು ವಾಯಿದೆಯೊಡನೆ ಒಪ್ಪುವುದು. ಈ ನಾಲ್ಕು ಮಾತುಗಳಲ್ಲಿ ವ್ಯವಹಾರ ಮುಗಿಯಿತು. ವಾಯಿದೆಯ ಅರ್ಧ ಕಳೆದಾಗ ಯಂತ್ರ ಇನ್ನೂ ಜಾಲದಲ್ಲಿದ್ದರೆ ಗುತ್ತಿಗೆಯನ್ನು ನವೀಕರಿಸಿಕೊಳ್ಳುವುದು. ಆಗ ಉತ್ತರ ಬಾರದಿದ್ದರೆ ವಾಯಿದೆಯ ಎಂಟನೆಯ ಏಳು ಭಾಗ ಕಳೆದಾಗ, ಯಾವ ಸರ್ವರಾದರೂ ಸರಿಯೆಂದು ಮತ್ತೆ ಎಲ್ಲರಿಗೂ ಕೇಳುವಂತೆ ಕೂಗುವುದು.

ಇದನ್ನು ಯಾತ್ರಾಸ್ಥಳದ ಛತ್ರಕ್ಕೆ ಹೋಲಿಸಬಹುದು. ಆದರೆ ಈ ಛತ್ರದ ಅತಿಥಿಗಳಿಗೆ ಒಂದು ವಿಚಿತ್ರ ಅಭ್ಯಾಸ: ಹೊರಡುವಾಗ ಹೇಳಿ ಹೋಗುವುದಿಲ್ಲ, ಬೀಗದಕೈಯನ್ನೂ ಒಪ್ಪಿಸುವುದಿಲ್ಲ. 'ಬಿಟ್ಟೆ' ಎಂದು ಹೇಳುವ ಸಂದೇಶ ನಿಯಮದಲ್ಲಿ ಉಂಟು. ಆದರೆ ಮೊಬೈಲನ್ನು ಕಿಸೆಯಲ್ಲಿಟ್ಟು ಬಾಗಿಲು ದಾಟಿದವನ ಯಂತ್ರ ಅದನ್ನು ಸಾಮಾನ್ಯವಾಗಿ ಕಳುಹಿಸುವುದೇ ಇಲ್ಲ. ಆದಕಾರಣ ವಾಯಿದೆ ಮುಗಿಯುವ ಪರ್ಯಂತ ಕೋಣೆ ಖಾಲಿಯಾಗಿದ್ದರೂ ಪಾರುಪತ್ಯಗಾರನು ಅದನ್ನು ಇನ್ನೊಬ್ಬರಿಗೆ ಕೊಡಲಾರನು. ವಿಂಡೋಸ್ ಸರ್ವರಿನಲ್ಲಿ ಮೊದಲೇ ತುಂಬಿಟ್ಟಿರುವ ವಾಯಿದೆ 8 ದಿನ.

ಈ 8 ದಿನ ಏನು ಮಾಡುವುದೆಂಬುದನ್ನು ಅಂಕಿಗಳಲ್ಲಿ ನೋಡೋಣ. ಒಂದು ಸಾರ್ವಜನಿಕ ಗ್ರಂಥಭಂಡಾರಕ್ಕೆ ದಿನವೂ 120 ಜನ ಬರುವರೆನ್ನಿ. ಅವರಲ್ಲಿ 60 ಜನ ದಿನವೂ ಬರುವವರು; 60 ಜನ ಹೊಸಬರು. ಒಬ್ಬೊಬ್ಬರದೂ ಒಂದೊಂದು ಮೊಬೈಲು. ಬಂದವರು ಸುಮಾರು ಒಂದು ಗಂಟೆ ಇರುವರು. ಭಂಡಾರ ರಜೆಯಿಲ್ಲದೆ ದಿನಕ್ಕೆ 8 ಗಂಟೆ ತೆರೆದಿರುವುದು. ಹಾಗಾದರೆ ಯಾವ ಹೊತ್ತಿನಲ್ಲಿ ಎಣಿಸಿದರೂ ಒಳಗಿರುವವರು ಸರಾಸರಿ 15 ಜನ. ಉಪಜಾಲ /24, ಅದರಲ್ಲಿ ಹಂಚಲು 11ರಿಂದ 250ರವರೆಗೆ 240 ವಿಳಾಸಗಳನ್ನು ಇಟ್ಟಿದ್ದಾರೆ. 15 ಜನರಿಗೆ 240 ವಿಳಾಸ! ಧಾರಾಳವಾಯಿತೆಂದು ಯಾರಿಗಾದರೂ ತೋರುವುದು.

ಆದರೆ ಸೋಮವಾರ ಸಂಜೆಗೆ ಗುತ್ತಿಗೆಯಲ್ಲಿರುವ ವಿಳಾಸಗಳು 120. ಮಂಗಳವಾರ ಹಳಬರು ತಮ್ಮ ಹಳೆಯ ವಿಳಾಸಗಳನ್ನೇ ಪಡೆಯುವರು, ಹೊಸಬರು 60 ಸೇರುವರು, ಒಟ್ಟು 180. ಬುಧವಾರ 240. ಗುರುವಾರ ಬೆಳಗ್ಗೆ ಬಂದ ಮೊದಲನೆಯ ಹೊಸಬನಿಗೆ ವಿಳಾಸವಿಲ್ಲ. ಕೋಣೆಯಲ್ಲಿ ಹತ್ತು ಜನ ಕೂಡ ಇರಲಿಕ್ಕಿಲ್ಲ. ಆದರೂ ಛತ್ರ ಭರ್ತಿ! ಹಳಬರಿಗೆಲ್ಲ ಜಾಲ ಸರಿಯಾಗಿಯೇ ಸಿಕ್ಕುತ್ತಿರುವುದರಿಂದ ದೋಷ ಹೊಸಬನ ಯಂತ್ರದ್ದೆಂದೇ ಎಲ್ಲರೂ ತಿಳಿಯುವರು. ಈ ವಾಯಿದೆಯಲ್ಲಿ ಎಲ್ಲರಿಗೂ ವಿಳಾಸ ಸಿಕ್ಕಬೇಕಾದರೆ ಹಳಬರಿಗೆ 60, ಹೊಸಬರಿಗೆ 60ರ ಎಂಟರಷ್ಟು, ಒಟ್ಟು 540 ವಿಳಾಸಗಳು ಬೇಕು.

ಈಗ ವಾಯಿದೆಯನ್ನು 2 ಗಂಟೆಗೆ ಇಳಿಸಿರಿ. ಒಂದು ಗಂಟೆ ಇದ್ದು ಹೋದವನ ವಿಳಾಸ ಅವನು ಹೋದ ಮೇಲೆ ಹೆಚ್ಚೆಂದರೆ 2 ಗಂಟೆ ಕಾಯುವುದು. ಬಂದಾಗಿನಿಂದ ಎಣಿಸಿದರೆ ಹೆಚ್ಚೆಂದರೆ 3 ಗಂಟೆ. ಗಂಟೆಗೆ 15 ಜನ ಬರುವುದರಿಂದ ಒಂದು ಹೊತ್ತಿನಲ್ಲಿ ಬೇಕಾಗುವ ವಿಳಾಸಗಳು ಸರಾಸರಿ 15ರ ಮೂರರಷ್ಟು, ಅಂದರೆ 45. ಬರುವವರ ದರವನ್ನು ತಂಗುವ ಕಾಲದಿಂದ ಗುಣಿಸಿದರೆ ಒಳಗಿರುವವರ ಸರಾಸರಿ ಸಂಖ್ಯೆ ಬರುವುದೆಂಬ ಈ ನಿಯಮವನ್ನು ಅಮೆರಿಕದ ಜಾನ್ ಲಿಟಲ್ ಎಂಬ ವಿದ್ವಾಂಸರು 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದರು. ಬ್ಯಾಂಕಿನ ಸಾಲಿಗೂ ಆಸ್ಪತ್ರೆಯ ಹಾಸಿಗೆಗಳಿಗೂ ಸಲ್ಲುವ ಈ ಸೂತ್ರ ನಮ್ಮ ವಿಳಾಸಗಳಿಗೂ ಸಲ್ಲುತ್ತದೆ. ಸಂಜೆಯ ನೂಕುನುಗ್ಗಲಿಗೆಂದು 45ನ್ನು ಇಮ್ಮಡಿಸಿ 90 ಎಂದಿಟ್ಟುಕೊಂಡರೂ /25ರ 126 ಸಾಕಾಗಿ ಮಿಗುವುದು. 540 ಎಲ್ಲಿ, 45 ಎಲ್ಲಿ! ಒಂದು ವಿಳಾಸವನ್ನೂ ಹೊಸದಾಗಿ ತರಲಿಲ್ಲ. ಗಡಿಯಾರವನ್ನು ತಿದ್ದಿದೆವು, ಅಷ್ಟೆ.

ಮೊಬೈಲುಗಳ ಒಂದು ಹೊಸ ಗುಣ ಈ ವಿಚಾರವನ್ನು ಇನ್ನಷ್ಟು ಮುಖ್ಯವಾಗಿಸಿದೆ. 2019ರ ಆಂಡ್ರಾಯ್ಡ್ 10, 2020ರ ಐ.ಓ.ಎಸ್. 14 ಇವುಗಳಿಂದ ಮೊದಲುಗೊಂಡು, ಒಡೆಯನ ಗುಟ್ಟನ್ನು ಕಾಪಾಡಲು ಮೊಬೈಲು ತನ್ನ ನಿಜವಾದ ಗುರುತನ್ನು ಮರೆಸಿ, ಒಂದೊಂದು ಜಾಲಕ್ಕೂ ಒಂದೊಂದು ಕಲ್ಪಿತ ಗುರುತನ್ನು ತೋರಿಸುತ್ತದೆ. ಕೆಲವು ಸಂದರ್ಭಗಳಲ್ಲಿ ಒಂದೇ ಜಾಲದಲ್ಲಿಯೂ ಕಾಲಕಾಲಕ್ಕೆ ಅದನ್ನು ಬದಲಿಸುವುದುಂಟು. ಗುರುತು ಬದಲಾದರೆ ಸರ್ವರಿಗೆ ಹಳಬನೂ ಹೊಸಬನೇ. ಹಳೆಯ ವೇಷಕ್ಕೆ ಒಂದು ಕೋಣೆ, ಹೊಸ ವೇಷಕ್ಕೆ ಇನ್ನೊಂದು. ವಾಯಿದೆ ಉದ್ದವಾಗಿದ್ದಷ್ಟೂ ಇದರ ಹೊರೆ ಹೆಚ್ಚು.

ಎರಡು ಆಕ್ಷೇಪಗಳು

ಇಷ್ಟೆಲ್ಲ ಲೆಕ್ಕವೇಕೆ, ವಿಳಾಸಗಳಿಗೇನು ಬರವೇ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯಲ್ಲಿ ಸತ್ಯಾಂಶವಿದೆ. ಜಗತ್ತಿಗೆಲ್ಲ ಸೇರಿದ ವಿಳಾಸಗಳಿಗೆ ಬರ ಬಂದಿರುವುದು ನಿಜ. 32 ಅಂಕಿಗಳಿಂದ ಒಟ್ಟು 429 ಕೋಟಿ ಚಿಲ್ಲರೆ ವಿಳಾಸಗಳು ಮಾತ್ರ ಸಾಧ್ಯ, ಅವುಗಳ ಕೇಂದ್ರಭಂಡಾರ 2011ರ ಫೆಬ್ರವರಿ 3ರಂದು ಬರಿದಾಯಿತು. ಆದರೆ ಸಂಸ್ಥೆಗಳ ಒಳಬಳಕೆಗೆಂದು 1996ರ ನಿಯಮದಲ್ಲಿ ಬೇರೆಯಾಗಿ ಮೀಸಲಿಟ್ಟ ವಿಳಾಸಗಳಿಗೆ ಬರವಿಲ್ಲ. 10 ಎಂದು ಮೊದಲಾಗುವುವೇ 1,67,77,216 ಇವೆ. ಹೀಗಿರುವಾಗ ಒಂದು /16ನ್ನು ತೆಗೆದುಕೊಂಡು 65,534 ವಿಳಾಸಗಳನ್ನು ಒಟ್ಟಿಗೆ ಇಟ್ಟುಬಿಟ್ಟರೆ ಲೆಕ್ಕದ ತೊಂದರೆಯೇ ಇಲ್ಲವಲ್ಲ!

ವಿಳಾಸಗಳು ಹೆಚ್ಚಾದ ಮಾತ್ರದಿಂದ ಕೇಡಿಲ್ಲ. ಒಂದೇ ಉಪಜಾಲದಲ್ಲಿ ಯಂತ್ರಗಳು ಹೆಚ್ಚಾದರೆ ಕೇಡು. ಉಪಜಾಲವೆಂದರೆ ಡಂಗುರದ ಸದ್ದು ಕೇಳುವ ಊರು. ವಿಳಾಸ ಬೇಡುವ ಯಂತ್ರ ಎಲ್ಲರಿಗೂ ಕೇಳುವಂತೆ ಕೂಗಬೇಕೆಂದು ಮೇಲೆ ಹೇಳಿದೆನಷ್ಟೆ. ಹಾಗೆಯೇ 'ಈ ವಿಳಾಸ ಯಾರದು?' ಎಂದು ನೆರೆಯವರನ್ನು ವಿಚಾರಿಸುವುದೂ ಕೂಗಿಯೇ. ಐವತ್ತು ಯಂತ್ರಗಳಿರುವಲ್ಲಿ ಈ ಕೂಗು ಯಾರಿಗೂ ತೊಂದರೆ ಕೊಡದು. ಐದು ಸಾವಿರ ಯಂತ್ರಗಳಿರುವಲ್ಲಿ ಒಂದೊಂದು ಕೂಗನ್ನೂ ಐದು ಸಾವಿರ ಯಂತ್ರಗಳು ಕಿವಿಗೊಟ್ಟು ಕೇಳಿ ತನಗಲ್ಲವೆಂದು ಬಿಡಬೇಕಾಗುವುದು. ನಿಸ್ತಂತು ಜಾಲದಲ್ಲಿ ಈ ಹೊರೆ ಇನ್ನೂ ಹೆಚ್ಚು; ಅಲ್ಲಿ ಡಂಗುರವನ್ನು ಎಲ್ಲ ಯಂತ್ರಗಳಿಗೂ ತಿಳಿಯುವಂತೆ ನಿಧಾನಗತಿಯಲ್ಲಿ ಸಾರುತ್ತಾರೆ, ಅದು ಮುಗಿಯುವ ತನಕ ಆ ದಾರಿಯಲ್ಲಿ ಉಳಿದವರು ಮೌನವಾಗಿರಬೇಕು. ಮೇಲಾಗಿ ಒಂದು ಯಂತ್ರ ಕೆಟ್ಟು ಎಡೆಬಿಡದೆ ಕೂಗತೊಡಗಿದರೆ ಊರಿಗೆ ಊರೇ ಕಂಗೆಡುವುದು. ಲೆಕ್ಕಪತ್ರದ ಕಚೇರಿಯ ಗಣಕವೂ ದಾರಿಹೋಕನ ಮೊಬೈಲೂ ಒಂದೇ ಊರಿನಲ್ಲಿರುವುದು ಭದ್ರತೆಗೂ ಒಳ್ಳೆಯದಲ್ಲ. ಊರುಗಳನ್ನು ಬೇರೆ ಮಾಡಿದರೆ ಊರಿಗೊಂದು ಸರ್ವರನ್ನು ಕೊಳ್ಳಬೇಕೇ ಎಂಬ ಭಯವೂ ಬೇಡ. ಡಂಗುರ ರೌಟರನ್ನು ದಾಟದಿದ್ದರೂ, ರೌಟರು ಅದನ್ನು ಕೇಳಿಸಿಕೊಂಡು ತನ್ನ ವಿಳಾಸವನ್ನು ಅದರಲ್ಲಿ ಬರೆದು ದೂರದ ಸರ್ವರಿಗೆ ಕಳುಹಿಸಬಲ್ಲುದು. ಆ ವಿಳಾಸವನ್ನು ನೋಡಿ ಯಾವ ಸ್ಕೋಪಿನಿಂದ ಕೊಡಬೇಕೆಂಬುದನ್ನು ಸರ್ವರು ಅರಿಯುವುದು.

ಎರಡನೆಯ ಆಕ್ಷೇಪ: ವಾಯಿದೆ ಚಿಕ್ಕದಾದಷ್ಟೂ ಒಳ್ಳೆಯದಾದರೆ ಎಲ್ಲ ಕಡೆಯೂ ಒಂದು ನಿಮಿಷ ಇಟ್ಟುಬಿಡಬಾರದೇಕೆ? ವಾಯಿದೆಗೆ ಇನ್ನೊಂದು ಮುಖವೂ ಇದೆ. ಅರ್ಧ ವಾಯಿದೆ ಕಳೆಯುತ್ತಲೇ ನವೀಕರಣ ನಡೆಯುವುದರಿಂದ, ಸರಿಯಾಗಿ ನಡೆಯುತ್ತಿರುವ ಜಾಲದಲ್ಲಿ ಪ್ರತಿಯೊಂದು ಯಂತ್ರದ ಕೈಯಲ್ಲಿಯೂ ಕಡಮೆಯೆಂದರೆ ಅರ್ಧದಷ್ಟು ವಾಯಿದೆ ಉಳಿದಿರುವುದು. ಸರ್ವರು ಥಟ್ಟನೆ ಕೆಟ್ಟುನಿಂತರೆ 8 ದಿನದ ವಾಯಿದೆಯವರು 4 ದಿನ ನಿಶ್ಚಿಂತೆಯಿಂದ ಇರಬಲ್ಲರು. 2 ಗಂಟೆಯವರಿಗೆ ಸಿಕ್ಕುವ ಭರವಸೆ ಒಂದೇ ಗಂಟೆ. ಒಂದು ನಿಮಿಷದವರ ಪಾಡು ಅರ್ಧ ನಿಮಿಷದಲ್ಲಿ ಬಯಲಾಗುವುದು. ಅಲ್ಲದೆ ಸರ್ವರಿಗೆ ಬೇಡಿಕೆಗಳ ಸುರಿಮಳೆ ಬೇರೆ. ಆದುದರಿಂದ ಮೇಜಿನ ಮೇಲೆ ವರ್ಷಗಟ್ಟಲೆ ಕದಲದೆ ಕುಳಿತಿರುವ ಪ್ರಯೋಗಶಾಲೆಯ ಗಣಕಗಳಿಗೆ ದೀರ್ಘವಾದ ವಾಯಿದೆ ಉಚಿತ. ಬಂದುಹೋಗುವ ಮೊಬೈಲುಗಳಿಗೆ ಹ್ರಸ್ವವಾದುದು ಉಚಿತ. ಇಬ್ಬರನ್ನೂ ಒಂದೇ ಸ್ಕೋಪಿನಲ್ಲಿಟ್ಟರೆ ಯಾವ ವಾಯಿದೆಯೂ ಸರಿಹೋಗದು. ಉಪಜಾಲಗಳನ್ನು ಕಟ್ಟಡಗಳ ಪ್ರಕಾರ ಮಾತ್ರವಲ್ಲದೆ, ಜನರ ಬರವು ಹೋಗುವಿಕೆಗಳ ಪ್ರಕಾರವೂ ವಿಂಗಡಿಸಬೇಕೆಂದು ಹೇಳುವುದು ಇದರಿಂದಲೇ.

ಆರನೆಯ ಆವೃತ್ತಿಯ ಐ.ಪಿ. ಬಂದರೆ ಈ ಜಂಜಾಟವೆಲ್ಲ ತೀರುವುದೆಂಬ ಮಾತೂ ಉಂಟು. ಅದರಲ್ಲಿ ವಿಳಾಸಕ್ಕೆ 128 ದ್ವಿಮಾನ ಅಂಕಿಗಳು. ರೂಢಿಯಲ್ಲಿರುವ /64 ಉಪಜಾಲ ಒಂದರಲ್ಲಿಯೇ 2ರ 64ನೆಯ ಘಾತದಷ್ಟು ವಿಳಾಸಗಳು. ಅಲ್ಲಿ ಯಂತ್ರಗಳನ್ನು ಎಣಿಸುವ ಅಗತ್ಯವಿಲ್ಲ, ನಿಜ. ಆದರೆ ಉಪಜಾಲಗಳನ್ನು ಎಣಿಸುವುದು ತಪ್ಪದು. /56 ಪಡೆದವನಿಗೆ 256 ಉಪಜಾಲಗಳು, /48 ಪಡೆದವನಿಗೆ 65,536. ಡಂಗುರದ ಜಾಗದಲ್ಲಿ ಬೇರೆ ಹೆಸರಿನ ಕೂಗು ಅಲ್ಲಿಯೂ ಉಂಟು. ಎಣಿಸುವ ವಸ್ತು ಬದಲಾಯಿತೇ ಹೊರತು ಎಣಿಕೆ ನಿಲ್ಲಲಿಲ್ಲ.

ಕಲಿಸುವ ಬಗೆ

ಈ ಅನರ್ಥಗಳ ಬೇರು ನಾವು ವಿಷಯವನ್ನು ಕಲಿಸುವ ಬಗೆಯಲ್ಲಿಯೂ ಇದೆಯೆಂದು ನನ್ನ ಅಭಿಪ್ರಾಯ. 'ಈ ವಿಳಾಸಕ್ಕೆ ಈ ಮಾಸ್ಕ್ ಕೊಟ್ಟರೆ ಉಪಜಾಲದ ಸಂಖ್ಯೆ ಯಾವುದು?' ಎಂದು ಪರೀಕ್ಷೆಯಲ್ಲಿ ಕೇಳುತ್ತೇವೆ. ವಿದ್ಯಾರ್ಥಿ ಸೊನ್ನೆ ಒಂದುಗಳನ್ನು ಸಾಲಾಗಿ ಬರೆದು ಗುಣಿಸಿ ಉತ್ತರ ಕೊಡುತ್ತಾನೆ. ಪೂರ್ಣ ಅಂಕಗಳನ್ನೂ ಪಡೆಯುತ್ತಾನೆ. ಆದರೆ ಆ ಮಾಸ್ಕನ್ನು ಆರಿಸಿದವರು ಯಾರು, ಯಾವ ಎಣಿಕೆಯ ಮೇಲೆ ಆರಿಸಿದರು ಎಂದು ಅವನನ್ನು ಯಾರೂ ಕೇಳುವುದಿಲ್ಲ. ಗೆರೆಯನ್ನು ಓದಲು ಕಲಿಸಿದೆವು, ಎಳೆಯಲು ಕಲಿಸಲಿಲ್ಲ. ಮುಂದೆ ಅವನೇ ಒಂದು ಆಸ್ಪತ್ರೆಯ ಅಥವಾ ಶಾಲೆಯ ಸರ್ವರಿನ ಮುಂದೆ ಕುಳಿತಾಗ ರೂಢಿಯ ಅಂಕಿಯನ್ನೇ ಬರೆದರೆ ಆಶ್ಚರ್ಯವೇನು?

ಇದಕ್ಕೆ ಹಣವಾಗಲಿ ಉಪಕರಣವಾಗಲಿ ಬೇಡ. ವಿದ್ಯಾರ್ಥಿಗಳು ತಮ್ಮ ಕಾಲೇಜನ್ನೇ ಒಂದು ವಾರ ಗಮನಿಸಲಿ. ಪ್ರಯೋಗಶಾಲೆಯಲ್ಲಿ ಕದಲದ ಯಂತ್ರಗಳು ಎಷ್ಟು, ವಾಚನಾಲಯಕ್ಕೆ ಗಂಟೆಗೆ ಬರುವವರು ಎಷ್ಟು, ತಂಗುವುದು ಎಷ್ಟು ಹೊತ್ತು, ಒಬ್ಬೊಬ್ಬರ ಕೈಯಲ್ಲಿ ಯಂತ್ರಗಳು ಎಷ್ಟು ಎಂಬುದನ್ನು ಬರೆದಿಡಲಿ. ಬರುವ ದರವನ್ನು ತಂಗುವ ಕಾಲದಿಂದಲೂ ಉಳಿದ ವಾಯಿದೆಯಿಂದಲೂ ಕೂಡಿಸಿ ಗುಣಿಸಲಿ. ರೌಟರು, ಮುದ್ರಣಯಂತ್ರ ಮೊದಲಾದ ಸ್ಥಿರವಾಸಿಗಳನ್ನು ಸೇರಿಸಲಿ. ಬೆಳವಣಿಗೆಗೂ ಆಕಸ್ಮಿಕಕ್ಕೂ ಎಂದು ಇಮ್ಮಡಿಸಲಿ. ಬಂದ ಸಂಖ್ಯೆಗಿಂತ ಮೇಲಿನ, ಎರಡರ ಮೊದಲನೆಯ ಘಾತವನ್ನು ಹಿಡಿಯಲಿ. ಪಕ್ಕದ ಉಪಜಾಲಕ್ಕೂ ತಮ್ಮದಕ್ಕೂ ನಡುವೆ ಅಷ್ಟೇ ಅಳತೆಯ ಖಾಲಿ ಜಾಗ ಬಿಡಲಿ. ನಾಳೆ ಗೆರೆಯನ್ನು ಸರಿಸಬೇಕಾಗಿ ಬಂದರೆ ನೆರೆಯವನ ಗೋಡೆಗೆ ತಾಗಬಾರದು. ಕೊನೆಗೆ, ಈ ಅಳತೆಯೇ ಏಕೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಸರ್ವರಿನ ಬಳಿ ಇಡಲಿ. ಹತ್ತು ವರ್ಷಗಳ ಮೇಲೆ ಬರುವವನಿಗೆ ಆ ಪುಟ ಸರ್ವರಿಗಿಂತ ಹೆಚ್ಚು ಬೆಲೆಯುಳ್ಳದ್ದಾಗುವುದು.

ಹಂಚಿಕೆ ಯಂತ್ರದ ಕೈಗೆ ಹೋದ ಮಾತ್ರಕ್ಕೆ ನ್ಯಾಯವೂ ಅದರ ಕೈಗೆ ಹೋಗಲಿಲ್ಲ. ಸರ್ವರಿಗೆ ಮುಂದಾಲೋಚನೆಯಿಲ್ಲ, ಇರುವ ತನಕ ಕೊಡುವುದು, ಮುಗಿದ ಮೇಲೆ ಸುಮ್ಮನಾಗುವುದು. ಹಳಬರಿಗೂ ಬೇಗ ಬಂದವರಿಗೂ ಅದರಿಂದ ತೊಂದರೆಯಾಗದು. ತೊಂದರೆ ತಟ್ಟುವುದು ತಡವಾಗಿ ಬಂದವನಿಗೆ, ಹೊಸಬನಿಗೆ, ಬದಲಿ ಗಣಕದ ಮುಂದೆ ಕುಳಿತ ವಿದ್ಯಾರ್ಥಿನಿಗೆ. ಅವರು ಬಾಗಿಲಿಗೆ ಬರುವ ಮೊದಲೇ ಅವರನ್ನು ಎಣಿಸಿ ಇಟ್ಟಿರಬೇಕಾದವನು ಸ್ಕೋಪನ್ನು ಕಟ್ಟಿದವನು. ಆ ಎಣಿಕೆಗೆ ಬೇಕಾದದ್ದು ಒಂದು ಸೀಸದಕಡ್ಡಿ, ಎರಡರ ಘಾತಗಳ ಪಟ್ಟಿ, ಮತ್ತು ಮೊದಲೇ ತುಂಬಿಟ್ಟ ಅಂಕಿಯನ್ನು ಒಪ್ಪಿಕೊಳ್ಳುವ ಮುನ್ನ 'ಏಕೆ?' ಎಂದು ಕೇಳುವ ಅಭ್ಯಾಸ.